ಎರಡನೆಯ ಒಪ್ಪಿಗೆ

ಕರಿಬಸವಯ್ಯನವರ ಮನೆಯಲ್ಲಿ ಫೋನು ಎರಡಿದ್ದವು, ಮನುಷ್ಯರು ಒಬ್ಬರೇ. ಒಂದು ಫೋನು ನಡುಮನೆಯಲ್ಲಿ ಅವರ ಕನ್ನಡಕದ ಪಕ್ಕ ಇರುತ್ತಿತ್ತು. ಇನ್ನೊಂದು ಅಡುಗೆಮನೆಯ ಕಟ್ಟೆಯ ಮೇಲೆ, ಸಾಸಿವೆ ಡಬ್ಬಿಗೆ ಒರಗಿಕೊಂಡು. ಆ ಎರಡನೆಯದರ ಒಡತಿ, ಅವರ ಹೆಂಡತಿ ಪ್ರೇಮಲೀಲಾ, ಹೋದ ಕಾರ್ತಿಕದಲ್ಲಿ ತೀರಿಕೊಂಡಿದ್ದರು. ಆದರೂ ಕರಿಬಸವಯ್ಯನವರು ದಿನಾ ಬೆಳಿಗ್ಗೆ ಕಾಫಿಗೆ ಹಾಲಿಡುವ ಮುಂಚೆ ಆ ಫೋನಿಗೆ ಚಾರ್ಜು ಹಾಕುತ್ತಿದ್ದರು. ತಿಂಗಳು ಬಂದರೆ ಅದಕ್ಕೆ ಕರೆನ್ಸಿ ಹಾಕಿಸುತ್ತಿದ್ದರು.

ಸತ್ತವರ ಫೋನನ್ನು ಹೀಗೆ ಸಾಕಿಕೊಂಡವರು ಊರಲ್ಲಿ ಇವರೊಬ್ಬರೇ ಅಲ್ಲ. ಫೋಟೋ ಇದೆ, ಮಾತಾಡಿದ ಧ್ವನಿ ಇದೆ ಅಂತ ಎಷ್ಟೋ ಜನ ಇಟ್ಟುಕೊಳ್ಳುತ್ತಾರೆ. ಕರಿಬಸವಯ್ಯನವರ ಕಾರಣ ಬೇರೆ. ಆ ಫೋನಿನಲ್ಲಿ ಒಂದು ಟ್ರಸ್ಟಿನ ಖಜಾಂಚಿ ಇನ್ನೂ ಕೆಲಸ ಮಾಡುತ್ತಿದ್ದರು.

ಟ್ರಸ್ಟು ಅಂದರೆ ದೊಡ್ಡದೇನಲ್ಲ. ಬನ್ನಿಮಂಟಪದಲ್ಲಿ ಶೀಟು ಹೊದಿಸಿದ ಒಂದು ಅಡುಗೆಮನೆ, ಅಡುಗೆಗೆ ಸಾಕಮ್ಮ, ಅವಳ ಕೈಕೆಳಗೆ ಇಬ್ಬರು, ಪಾತ್ರೆ ಸಾಗಿಸಲು ಒಂದು ಲಗೇಜು ಆಟೋ. ಅಲ್ಲಿಂದ ದಿನಾ ಮಧ್ಯಾಹ್ನ ದೊಡ್ಡಾಸ್ಪತ್ರೆಗೆ ಅನ್ನ ಸಾರು ಹೋಗುತ್ತದೆ. ರೋಗಿಗಳಿಗಲ್ಲ, ರೋಗಿಗಳ ಜೊತೆ ಬಂದವರಿಗೆ. ರೋಗಿಗಾದರೆ ಹಾಲು ಬ್ರೆಡ್ಡು ಕೊಡುವವರಿದ್ದಾರೆ. ವಾರಗಟ್ಟಲೆ ಮೆಟ್ಟಿಲ ಕೆಳಗೆ ಚಾಪೆ ಹಾಸಿಕೊಂಡು ಕೂತವನನ್ನು ಊಟ ಆಯಿತಾ ಅಂತ ಯಾರು ಕೇಳುತ್ತಾರೆ? ಆ ಒಂದು ಪ್ರಶ್ನೆ ಕೇಳುವುದಕ್ಕಾಗಿಯೇ ಕೆಲವು ಜನ ಸೇರಿ ಕಟ್ಟಿದ ಟ್ರಸ್ಟು ಅದು.

ಕಾರ್ಯದರ್ಶಿ ಕರಿಬಸವಯ್ಯ, ಬಸ್ ಡಿಪೋದಲ್ಲಿ ಸ್ಟೋರು ನೋಡಿಕೊಂಡು ನಿವೃತ್ತರಾದವರು. ಖಜಾಂಚಿ ಪ್ರೇಮಲೀಲಾ. ಚೆಕ್ಕಿಗೆ ಇಬ್ಬರ ಸಹಿಯೂ ಬೇಕು. ಗಂಡ ಹೆಂಡತಿಯನ್ನೇ ಹೀಗೆ ಜೋಡಿ ಕೂರಿಸುವುದು ಚೆನ್ನಲ್ಲ ಎಂದು ಆಡಿಟರು ಪ್ರತಿ ವರ್ಷ ಹೇಳುತ್ತಿದ್ದರು. ಅಧ್ಯಕ್ಷರಾದ ಸಿದ್ದಲಿಂಗಸ್ವಾಮಿ, ಮರದ ಡಿಪೋ ಇಟ್ಟು ಬೆಳೆದ ಹಿರಿಯರು, ಪ್ರತಿ ವರ್ಷ ಅದೇ ಉತ್ತರ ಕೊಡುತ್ತಿದ್ದರು.

“ಆ ಯಮ್ಮನ ಹತ್ರ ಗಂಡನ ಆಟ ನಡಿಯೋದಾಗಿದ್ರೆ ನಾವೇ ಬ್ಯಾಡ ಅಂತಿದ್ವಿ ಕಣ್ರೀ.”

ನಿಜವಾಗಿಯೂ ನಡೆಯುತ್ತಿರಲಿಲ್ಲ. ಕರಿಬಸವಯ್ಯನವರು ಚೆಕ್ಕು ಬರೆದು, ತಮ್ಮ ಸಹಿ ಹಾಕಿ, ಇನ್ನೇನು ಆಟೋ ಹತ್ತಬೇಕು ಅನ್ನುವ ಗಡಿಬಿಡಿಯಲ್ಲಿ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದರು. ಪ್ರೇಮಲೀಲಾ ಒಲೆ ಸಣ್ಣ ಮಾಡಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಚೆಕ್ಕನ್ನು ಬೆಳಕಿಗೆ ಹಿಡಿದು, ಆಮೇಲೆ ಕೇಳುತ್ತಿದ್ದರು.

“ಯಾತಕ್ಕಿದು?”

“ಯಾತಕ್ಕೆ ಅಂದ್ರೆ? ಅನ್ನಕ್ಕೆ! ಸಂತೆಪೇಟೆ ಮಹೇಂದ್ರಂಗೆ, ಬೇಳೆ ದುಡ್ಡು.”

“ಹೋದ ತಿಂಗಳಿಗಿಂತ ಜಾಸ್ತಿ ಇದೆ.”

“ಬೇಳೆ ರೇಟು ಜಾಸ್ತಿ ಆಗಿದೆ ಕಣೇ.”

“ರೇಟು ಜಾಸ್ತಿ ಆಗಿದ್ಯೋ, ಅವನು ನಿಮಗೆ ಬಾದಾಮಿ ಹಾಲು ಕುಡಿಸಿದ್ನೋ?”

ಆಗ ಕರಿಬಸವಯ್ಯನವರಿಗೆ ಮೈಯೆಲ್ಲ ಉರಿಯುತ್ತಿತ್ತು. ಡಿಪೋದಲ್ಲಿ ಒಂದು ನಟ್ಟು ಬೋಲ್ಟು ಆಚೆ ಈಚೆ ಆಗದ ಹಾಗೆ ನೋಡಿಕೊಂಡ ಮನುಷ್ಯನನ್ನು ಒಗ್ಗರಣೆ ಸೌಟು ಹಿಡಿದು ವಿಚಾರಣೆ ಮಾಡುವುದೆಂದರೆ! ಬೈದುಕೊಂಡೇ ವಿವರ ಹೇಳುತ್ತಿದ್ದರು. ಪೂರ್ತಿ ಕೇಳಿಸಿಕೊಂಡ ಮೇಲೆಯೇ ಪ್ರೇಮಲೀಲಾ ಕನ್ನಡದಲ್ಲಿ ದುಂಡಗೆ ಸಹಿ ಹಾಕುತ್ತಿದ್ದರು. ಕೇಳದೆ ಹಾಕಿದ ಒಂದು ಸಹಿಯೂ ಇಲ್ಲ.

ಆಮೇಲೆ ಚೆಕ್ಕಿನ ಕಾಲ ಮುಗಿಯಿತು. ಗ್ಯಾಸಿನವರು ಚೆಕ್ಕು ಬೇಡ ಅಂದರು. ಮಹೇಂದ್ರನೂ “ಚೆಕ್ ಇಡ್ಕಂಡು ಬ್ಯಾಂಕಿಗೆ ಅಲಿಯೋರ್ಯಾರು ಸಾರ್, ಫೋನಲ್ಲಿ ಹಾಕ್ಬುಡಿ” ಅಂದ. ಗಂಡ ಹೆಂಡತಿ ಇಬ್ಬರೂ ಬ್ಯಾಂಕಿಗೆ ಹೋದರು. ಅಲ್ಲಿದ್ದ ಮ್ಯಾನೇಜರು ಒಳ್ಳೆಯ ಹುಡುಗ, ತಾಳ್ಮೆಯಿಂದ ಬಿಡಿಸಿ ಹೇಳಿದ. ಒಬ್ಬರು ತಮ್ಮ ಫೋನಿನಿಂದ ಇಂಥವರಿಗೆ ಇಷ್ಟು ಅಂತ ಹಾಕುತ್ತಾರೆ. ಹಾಕಿದ ಮಾತ್ರಕ್ಕೆ ದುಡ್ಡು ಹೋಗುವುದಿಲ್ಲ. ಅದು ಎರಡನೆಯವರ ಫೋನಿಗೆ ಬಂದು ಕಾಯುತ್ತದೆ. ಅವರು ನೋಡಿ ಒಪ್ಪಿದರೆ ಹೋಯಿತು, ಬೇಡ ಅಂದರೆ ನಿಂತಿತು.

“ಚೆಕ್ಕಿಗೆ ಎರಡು ಸಹಿ ಇದ್ದಂಗೇನೇ ಅಮ್ಮ. ಸಾರ್ ಹಾಕೋರು, ನೀವು ಪರೀಕ್ಷೆ ಮಾಡೋರು. ಒಬ್ಬರ ಪಿನ್ನು ಇನ್ನೊಬ್ಬರಿಗೆ ಗೊತ್ತಿರಬಾರದು, ಅಷ್ಟೇ.”

“ಮದುವೆ ಆದಾಗ್ಲಿಂದ ನಾನು ಮಾಡ್ತಿರೋದು ಅದೇ ಕೆಲಸ ಕಣಪ್ಪ” ಅಂದರು ಪ್ರೇಮಲೀಲಾ. ಮ್ಯಾನೇಜರು ನಕ್ಕುಬಿಟ್ಟ. ಕರಿಬಸವಯ್ಯನವರು ನಗಲಿಲ್ಲ.

ಪಿನ್ನಿನ ಗುಟ್ಟು ಮೊದಲ ದಿನವೇ ಮಣ್ಣುಪಾಲಾಯಿತು. ಯಾವುದೇ ಅಂಕಿಯನ್ನೂ ಬಾಯಲ್ಲಿ ಹೇಳಿಕೊಳ್ಳದೆ ಒತ್ತುವುದು ಪ್ರೇಮಲೀಲಾ ಅವರಿಗೆ ಬರುತ್ತಿರಲಿಲ್ಲ. ಅಡುಗೆಮನೆಯಿಂದ ಮಗ್ಗಿಯಂತೆ ಕೇಳಿಬರುತ್ತಿದ್ದ ಆ ಸಂಖ್ಯೆ ನಡುಮನೆಯಲ್ಲಿ ಕೂತ ಗಂಡನಿಗಷ್ಟೇ ಅಲ್ಲ, ಹಿತ್ತಲ ಬೇಲಿಯ ಆಚೆಗೂ ಬಾಯಿಪಾಠವಾಗಿತ್ತು. ಪ್ರಶ್ನೆ ಮಾತ್ರ ಚೆಕ್ಕಿನ ಜೊತೆ ಹೋಗಲಿಲ್ಲ. ಇವರು ಇಲ್ಲಿ ಹಾಕುವುದು, ಅಲ್ಲಿ ಸಾಸಿವೆ ಡಬ್ಬಿ ಪಕ್ಕ ಟಿಣ್ ಅನ್ನುವುದು, ಅದರ ಹಿಂದೆಯೇ “ರೀ, ಯಾತಕ್ಕಿದು?” ಎನ್ನುವ ಕೂಗು. ಒಂದು ಸಲ ಹೊಸ ಕೊಳಗಕ್ಕೆ ಹಾಕಿದ ದುಡ್ಡನ್ನು, ಹಳೆಯದಕ್ಕೆ ಕಲಾಯಿ ಮಾಡಿಸಿದರೆ ಸಾಕು ಅಂತ ಪ್ರೇಮಲೀಲಾ ತಿರಸ್ಕರಿಸಿಬಿಟ್ಟರು. ಕರಿಬಸವಯ್ಯನವರ ಫೋನಿಗೆ ಸಂದೇಶ ಬಂತು: ನಿಮ್ಮ ಪಾವತಿಯನ್ನು ಪ್ರೇಮಲೀಲಾ ತಿರಸ್ಕರಿಸಿದ್ದಾರೆ. ಆವತ್ತು ರಾತ್ರಿ ಅವರು ಹೆಂಡತಿಯ ಜೊತೆ ಮಾತಾಡದೆ ಉಂಡೆದ್ದರು. ಈಗ ಆ ಮೌನದ ಊಟವನ್ನು ನೆನೆದರೆ ಅವರಿಗೆ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಪ್ರೇಮಲೀಲಾ ಹೋದದ್ದು ಜ್ವರದಲ್ಲಿ. ಜ್ವರ ಅಂತ ಹೋದವರು ದೊಡ್ಡಾಸ್ಪತ್ರೆಯಿಂದ ಎದ್ದು ಬರಲಿಲ್ಲ. ಕೊನೆಯ ಮಧ್ಯಾಹ್ನ ಕರಿಬಸವಯ್ಯನವರು ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಗ ಯಾರೋ ತಟ್ಟೆ ಕೊಟ್ಟು ಹೋದರು. ನೋಡಿದರೆ ತಮ್ಮದೇ ಟ್ರಸ್ಟಿನ ಅನ್ನ, ಸಾಕಮ್ಮನ ಸಾರು. ಆ ಬೇಳೆಗೆ ಹೋದ ವಾರ ತಾನೇ ದುಡ್ಡು ಹಾಕಿದ್ದರು, ಹೆಂಡತಿ ಯಾತಕ್ಕೆ ಅಂತ ಕೇಳಿದ್ದಳು. ಒಂದು ತುತ್ತೂ ಬಿಡದೆ ಉಂಡರು. ಅನ್ನ ಚೆಲ್ಲಿದರೆ ಬೈಯುತ್ತಾಳೆ ಅಂತ ಇನ್ನೂ ಅನ್ನಿಸುತ್ತಿತ್ತು.

ಮಕ್ಕಳಿಲ್ಲದ ಮನೆ. ಹನ್ನೊಂದನೆಯ ದಿನದ ಗಣಾರಾಧನೆ ಮುಗಿದು, ಬಂದವರು ಎಲೆ ಎತ್ತಿ ಹೋದ ಮೇಲೆ ಮನೆ ಎಷ್ಟು ದೊಡ್ಡದು ಅಂತ ಅವರಿಗೆ ಗೊತ್ತಾಯಿತು. ಎರಡು ಕೋಣೆಯ ಮನೆ ಅದು.

ತಿಂಗಳ ಕೊನೆಗೆ ಗ್ಯಾಸಿನವರ ಬಿಲ್ಲು ಬಂತು. ಅಭ್ಯಾಸಬಲದಿಂದ ನಡುಮನೆಯಲ್ಲಿ ಕೂತು ಹಾಕಿದರು. ಅಡುಗೆಮನೆಯಲ್ಲಿ ಟಿಣ್ ಅಂತು.

ಕರಿಬಸವಯ್ಯನವರು ಬಿಲ್ಲನ್ನು ಕೆಳಗಿಟ್ಟರು. ಎದ್ದು ಹೋಗಿ ನೋಡಿದರೆ ಸಾಸಿವೆ ಡಬ್ಬಿ ಪಕ್ಕ ಫೋನಿನ ಬೆಳಕು. ನಿಮ್ಮ ಒಪ್ಪಿಗೆಗಾಗಿ ಒಂದು ಪಾವತಿ ಕಾಯುತ್ತಿದೆ, ಪ್ರೇಮಲೀಲಾ ಅವರೇ. ಒಂದು ಕ್ಷಣ ಅವರು ನಿಜವಾಗಿಯೂ ಕಾದರು, ಕೇಳುತ್ತಾಳೆ ಅಂತ. ಆಮೇಲೆ ನಾಳೆ ಸಿಲಿಂಡರು ಬರದಿದ್ದರೆ ಮೆಟ್ಟಿಲ ಕೆಳಗಿನವರೆಲ್ಲ ಉಪವಾಸ ಎಂಬುದು ನೆನಪಾಗಿ, ಆ ಬಾಯಿಪಾಠದ ಸಂಖ್ಯೆ ಒತ್ತಿ ಒಪ್ಪಿಗೆ ಕೊಟ್ಟರು. ಆ ಒಂದು ಸಲಕ್ಕೆ ಅವರ ಮೇಲೆ ತಪ್ಪು ಹೊರಿಸುವುದು ನನ್ನಿಂದಾಗದು. ಹಸಿದವರ ಅನ್ನದ ಮುಂದೆ ನಿಯಮ ಎಷ್ಟರದ್ದು?

ಆದರೆ ಕಾಲು ಜಾರಿದವನು ಮತ್ತೆ ಜಾರಿದಲ್ಲಿಗೇ ಹೋಗುತ್ತಾನೆ. ಕಮಿಟಿ ಸಭೆಯಲ್ಲಿ ಸಿದ್ದಲಿಂಗಸ್ವಾಮಿಯವರು “ಖಜಾಂಚಿ ಜಾಗಕ್ಕೆ ಯಾರನ್ನಾದ್ರೂ ಹಾಕ್ಬೇಕಲ್ರೀ” ಅಂದಾಗ ಕರಿಬಸವಯ್ಯನವರು ತಲೆ ತಗ್ಗಿಸಿ “ವರ್ಷ ಕಳೀಲಿ ಸ್ವಾಮಿಗಳೇ” ಅಂದುಬಿಟ್ಟರು. ಲಿಂಗವಂತರಾದ ನಮ್ಮಲ್ಲಿ ಎಲ್ಲಿಯ ವರ್ಷ, ಎಲ್ಲಿಯ ಸೂತಕ ಅಂತ ಅಧ್ಯಕ್ಷರು ಕೇಳಬಹುದಿತ್ತು. ಹೆಂಡತಿ ಕಳೆದುಕೊಂಡವನ ಮುಖ ನೋಡಿ ಸುಮ್ಮನಾದರು. ಹಾಗಾದರೆ ಅಲ್ಲಿಯತನಕ ದುಡ್ಡು ಹೇಗೆ ಹೋಗುತ್ತದೆ ಎಂದು ಆ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ಅನ್ನ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು, ಸಾಕಮ್ಮನ ಸಂಬಳ ತಪ್ಪುತ್ತಿರಲಿಲ್ಲ. ಹರಿಯುವ ನಲ್ಲಿಯನ್ನು ಎಲ್ಲಿಂದ ಬಂದೆ ಅಂತ ಯಾರೂ ಕೇಳುವುದಿಲ್ಲ.

ಹೀಗೆ ಶುರುವಾದದ್ದು ಆ ಮನೆಯ ಒಂದು ನಡವಳಿಕೆಯೇ ಆಯಿತು. ಮೊದಲೆಲ್ಲ ಮಹೇಂದ್ರನಿಗೆ ತಿಂಗಳಿಗೊಂದೇ ಸಲ ಹಾಕುತ್ತಿದ್ದವರು ಈಗ ಬೇಳೆಗೆ ಬೇರೆ, ಅಕ್ಕಿಗೆ ಬೇರೆ, ಎಣ್ಣೆಗೆ ಬೇರೆ ಹಾಕತೊಡಗಿದರು. ಒಂದೊಂದಕ್ಕೂ ಒಂದೊಂದು ಟಿಣ್. ಸಂಜೆ ಬೀದಿಯಲ್ಲಿ ಮಕ್ಕಳ ಗಲಾಟೆ ಅಡಗಿ, ಮನೆ ಗವ್ವೆನ್ನುವ ಹೊತ್ತಿಗೆ ಹಾಕುತ್ತಿದ್ದರು. ಹಾಕಿ, ಕೂತಲ್ಲಿಂದಲೇ ಜೋರಾಗಿ ಉತ್ತರ ಹೇಳುತ್ತಿದ್ದರು. “ಎಣ್ಣೆಗೆ ಕಣೇ. ಹೌದು, ಜಾಸ್ತಿನೇ. ಹಬ್ಬ ಬಂತಲ್ಲ.” ಪೂರ್ತಿ ವಿವರ ಕೊಟ್ಟ ಮೇಲೆ ಎದ್ದು ಹೋಗಿ, ಕೈ ತೊಳೆದು, ಪಂಚೆಯ ಅಂಚಿಗೆ ಒರೆಸಿಕೊಂಡು, ಆಮೇಲೆ ಒಪ್ಪಿಗೆ.

ಒಂದು ದಿನ ಸಾಕಮ್ಮ ಮಿಕ್ಸಿ ಕೆಟ್ಟಿದೆ ಅಂದಳು.

“ಒಸದೇ ತಗಂಬುಡಿ ಯಜಮಾನ್ರೇ. ಇದು ಎಂಗೂ ಅಳೇದು.”

ಸಂಜೆ ಹೊಸ ಮಿಕ್ಸಿಗೆ ಹಾಕಿದರು. ಟಿಣ್ ಅಂತು. ಅಡುಗೆಮನೆಗೆ ಹೋಗಿ ಫೋನು ಎತ್ತಿಕೊಂಡವರು ಹಾಗೇ ನಿಂತರು. ರಿಪೇರಿಗೆ ಕೊಟ್ಟು ನೋಡಿದ್ರಾ? ಅದು ಅವಳ ಮಾತು, ಅವಳದೇ ರಾಗ. ನೋಡಿರಲಿಲ್ಲ. ಕರಿಬಸವಯ್ಯನವರು ತಿರಸ್ಕರಿಸಿ ಎಂಬುದನ್ನು ಒತ್ತಿಬಿಟ್ಟರು. ನಡುಮನೆಗೆ ವಾಪಸು ಬರುವ ಹೊತ್ತಿಗೆ ಅವರ ಫೋನಿನಲ್ಲಿ ಸಂದೇಶ ಬಂದು ಕೂತಿತ್ತು: ನಿಮ್ಮ ಪಾವತಿಯನ್ನು ಪ್ರೇಮಲೀಲಾ ತಿರಸ್ಕರಿಸಿದ್ದಾರೆ.

“ಶುರು ಹಚ್ಕೊಂಡ್ಲು ನೋಡು” ಅಂದು ನಕ್ಕರು. ಎಷ್ಟೋ ದಿನದ ಮೇಲೆ ಬಂದ ನಗು. ನಕ್ಕು ಮುಗಿದ ಮೇಲೆ ಅತ್ತರು. ಮಾರನೆಯ ದಿನ ಮಿಕ್ಸಿ ರಿಪೇರಿಗೆ ಹೋಯಿತು, ಅರ್ಧಕ್ಕರ್ಧ ದುಡ್ಡು ಉಳಿಯಿತು.

ಇದು ಎಷ್ಟು ದಿನ ನಡೆಯುತ್ತಿತ್ತೋ. ಆಡಿಟಿನ ಕಾಲ ಬಂತು. ಲೆಕ್ಕ ಜೋಡಿಸುವ ಕೆಲಸವನ್ನು ಕಮಿಟಿಗೆ ಹೊಸದಾಗಿ ಸೇರಿದ್ದ ಭಾನುಪ್ರಿಯಾಗೆ ಒಪ್ಪಿಸಿದರು. ಹೆಬ್ಬಾಳದ ಒಂದು ಕಾರ್ಖಾನೆಯ ಅಕೌಂಟ್ಸಿನಲ್ಲಿ ಕೆಲಸ, ಮೂವತ್ತರ ಆಚೀಚೆ ವಯಸ್ಸು. ಅವಳ ತಾಯಿ ಬಸವಮ್ಮ ದೊಡ್ಡಾಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದಾಗ ಆ ಮೆಟ್ಟಿಲ ಕೆಳಗೆ ಸಾಕಮ್ಮನ ಅನ್ನ ಉಂಡವಳು. ತಾಯಿ ಗುಣವಾಗಿ ಮನೆಗೆ ಹೋದ ಮೇಲೆ, ಋಣ ಇದೆ ಅಂತ ತಾನಾಗಿಯೇ ಹುಡುಕಿಕೊಂಡು ಬಂದು ಟ್ರಸ್ಟು ಸೇರಿದ್ದಳು.

ಭಾನುವಾರ ಬೆಳಿಗ್ಗೆ ಅವಳು ಕರಿಬಸವಯ್ಯನವರ ಮನೆ ಬಾಗಿಲಿಗೆ ಬಂದಳು. ಅವರು ಕಾಫಿ ಮಾಡಿ ಕೊಟ್ಟರು. ಲೋಟ ಕೈಯಲ್ಲಿ ಹಿಡಿದುಕೊಂಡು ಕುಡಿಯದೆ ಕೂತಳು.

“ಸಾರ್, ಬ್ಯಾಂಕಿಂದು ಪಟ್ಟಿ ತೆಗ್ಸಿದ್ದೆ. ಯಾರು ಹಾಕಿದ್ರು, ಯಾರು ಒಪ್ಪಿಗೆ ಕೊಟ್ರು, ಎಲ್ಲ ಬರುತ್ತೆ ಅದ್ರಲ್ಲಿ.”

ಕರಿಬಸವಯ್ಯನವರ ಕಣ್ಣು ಅಡುಗೆಮನೆಯ ಕಡೆ ಹೋಯಿತು.

“ಅಮ್ಮಾವ್ರು ತೀರ್ಕೊಂಡ ಮೇಲೂ ಅವರೇ ಒಪ್ಪಿಗೆ ಕೊಟ್ಟವ್ರೆ ಸಾರ್. ಯುಗಾದಿಗೆ ಮುಂಚೆ ಮಿಕ್ಸಿಗೆ ಬ್ಯಾಡ ಅಂದವ್ರೆ.”

ಬೇರೆಯವರಾಗಿದ್ದರೆ ಕರಿಬಸವಯ್ಯನವರು ರೇಗಿ ಎದ್ದುಬಿಡುತ್ತಿದ್ದರು. ಆದರೆ ಆ ಹುಡುಗಿಯ ದನಿಯಲ್ಲಿ ಕಳ್ಳನನ್ನು ಹಿಡಿದ ಗತ್ತಿರಲಿಲ್ಲ. ಅವಳಿಗೇ ನಾಚಿಕೆಯಾದ ಹಾಗಿತ್ತು. ಅವರು ಎದ್ದು ಹೋಗಿ ಸಾಸಿವೆ ಡಬ್ಬಿಯ ಪಕ್ಕದಿಂದ ಫೋನು ತಂದು ಅವಳ ಮುಂದಿಟ್ಟರು.

“ಒಂದು ಪೈಸ ಆಚೆ ಹೋಗಿಲ್ಲ ಕಣಮ್ಮ.”

“ಗೊತ್ತು ಸಾರ್. ಪ್ರತಿಯೊಂದು ಬಿಲ್ಲೂ ಸರಿಯಾಗೇ ಅದೆ. ಅದಕ್ಕೇ ಮೊದಲು ನಿಮ್ಮ ಹತ್ರ ಬಂದೆ.” ಫೋನನ್ನು ಮುಟ್ಟದೆಯೇ ಮುಂದುವರಿಸಿದಳು. “ಎರಡು ಕೈ ಇರ್ಲಿ ಅಂತ ತಾನೆ ಸಾರ್ ಈ ವ್ಯವಸ್ಥೆ ಮಾಡಿರೋದು? ಇಲ್ಲಿ ಎರಡೂ ನಿಮ್ಮ ಕೈಯೇ ಅಲ್ವಾ? ಬ್ಯಾಂಕಿಗೆ ತಿಳಿದ್ರೆ ಖಾತೆನೇ ನಿಲ್ಲಿಸ್ತಾರೆ. ಆಮೇಲೆ ಅನ್ನಕ್ಕೇನು ಮಾಡೋದು?”

“ಯಾಕೆ ಮಾಡಿದ್ರಿ ಅಂತ ಕೇಳಲ್ವಾ ನೀನು?”

ಭಾನುಪ್ರಿಯಾ ಫೋನಿನ ಕಡೆ ನೋಡಿದಳು. ಅದರ ಗಾಜಿನ ಮೂಲೆಯಲ್ಲಿ ಒಣಗಿದ ಅರಿಶಿನದ ಕಲೆ ಹಾಗೇ ಇತ್ತು. ಯಾರೂ ಒರೆಸಿರಲಿಲ್ಲ.

“ಯಾಕೆ ಸಾರ್?” ಅಂದಳು.

ಕರಿಬಸವಯ್ಯನವರು ಹೇಳಿದರು. ಟಿಣ್ ಅನ್ನುವುದನ್ನು, ಕೂಗಿ ಉತ್ತರ ಹೇಳುವುದನ್ನು, ಮಿಕ್ಸಿಯದನ್ನು. ಎಷ್ಟೋ ತಿಂಗಳಿಂದ ಅಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಕಾಫಿ ಆರಿ ಕೆನೆ ಕಟ್ಟಿತು. ಅವಳು ಅದನ್ನು ಹಾಗೇ ಕುಡಿದಳು.

“ಸಭೇಲಿ ನಾನು ಹೇಳಲ್ಲ ಸಾರ್. ನೀವೇ ಹೇಳ್ಬುಡಿ. ಅದೇ ಚೆಂದ.”

ಹೇಳಿದರು. ಕಳ್ಳತನ ಒಪ್ಪಿಕೊಳ್ಳುವವನಂತೆ ಎದ್ದು ನಿಂತು, ಕೈ ಕಟ್ಟಿಕೊಂಡು ಹೇಳಿದರು. ಬೈಗುಳ ತಿನ್ನಲು ಸಿದ್ಧರಾಗಿಯೇ ಹೋಗಿದ್ದರು. ಸಿದ್ದಲಿಂಗಸ್ವಾಮಿಯವರು ಎಲೆಯಡಿಕೆ ಕೆನ್ನೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿಸಿ “ಹೋಗ್ಲಿ ಬುಡಿ ಕರಿಬಸವಯ್ಯನೋರೇ, ದುಡ್ಡೇನೂ ತಿಂದಿಲ್ವಲ್ಲ” ಅಂದರು. ಉಳಿದವರು ಹೌದು ಹೌದು ಅಂದರು. ಭಾನುಪ್ರಿಯಾಳನ್ನು ಖಜಾಂಚಿ ಮಾಡಿದರು. ಅದಾದ ಮೇಲೆ ತಟ್ಟೆಯಲ್ಲಿ ಬೋಂಡ ಬಂತು. ಇಷ್ಟು ತಿಂಗಳು ಅವರು ಎದೆಯಲ್ಲಿಟ್ಟುಕೊಂಡು ಕಾಪಾಡಿದ್ದು ಒಂದು ಬೋಂಡದ ಹೊತ್ತೂ ನಿಲ್ಲಲಿಲ್ಲ. ಯಾರಾದರೂ ಒಬ್ಬರು ನಾಲ್ಕು ಬೈದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು.

ಬ್ಯಾಂಕಿನಲ್ಲಿ ಮರಣಪತ್ರ ಕೊಟ್ಟರು. ಹಳೆಯ ಮ್ಯಾನೇಜರು ವರ್ಗವಾಗಿ ಹೋಗಿದ್ದ. ಹೊಸಬನಿಗೆ ಪ್ರೇಮಲೀಲಾ ಯಾರೋ ಗೊತ್ತಿಲ್ಲ. ಅವನು ಪರದೆ ನೋಡುತ್ತಾ ಒಂದೆರಡು ಕಡೆ ಒತ್ತಿ, “ಆಯ್ತು ಸಾರ್, ಅವರ ಹೆಸರು ತೆಗೆದಿದ್ದೀನಿ” ಅಂದ. ಕರಿಬಸವಯ್ಯನವರು ಕುರ್ಚಿಯಿಂದ ಏಳಲಿಲ್ಲ. ಇನ್ನೇನಾದರೂ ಬೇಕಾ ಸಾರ್ ಅಂತ ಅವನು ಕೇಳಿದ ಮೇಲೆ ಎದ್ದರು. ಮನೆಗೆ ಬಂದು ಅಡುಗೆಮನೆಯ ಫೋನನ್ನು ಆರಿಸಿ, ಅವಳ ಸೀರೆಗಳ ನಡುವೆ ಇಟ್ಟು ಬೀರು ಮುಚ್ಚಿದರು.

ದುಃಖದ ನಡುವೆಯೂ ಅವರಿಗೆ ಒಂದು ಆಸೆ ಇತ್ತು, ಅದನ್ನು ಮುಚ್ಚಿಡುವುದೇಕೆ? ಆ ಭಾನುವಾರ ಭಾನುಪ್ರಿಯಾ ಯಾಕೆ ಸಾರ್ ಅಂತ ಕೇಳಿದ ಬಗೆ ಅವರಿಗೆ ಹಿಡಿಸಿತ್ತು. ಲೆಕ್ಕ ಬಲ್ಲ ಹುಡುಗಿ, ಋಣ ಗೊತ್ತಿರುವವಳು. ಇವಳು ಕೇಳದೆ ಬಿಡುವವಳಲ್ಲ. ಫೋನು ಮಾಡಿ ಕೇಳುತ್ತಾಳೆ, ತಾನು ವಿವರ ಹೇಳುತ್ತೇನೆ, ಅವಳು ಅಲ್ಲಿ ಕೊಂಕು ತೆಗೆಯುತ್ತಾಳೆ, ತನಗೆ ಸಿಟ್ಟು ಬರುತ್ತದೆ. ಸಂಜೆಗೆ ಅಷ್ಟು ಸಿಕ್ಕರೆ ಸಾಕು.

ಮೊದಲ ಪಾವತಿ ಮಹೇಂದ್ರನ ಬೆಲ್ಲಕ್ಕೆ. ಬಸವ ಜಯಂತಿಗೆ ಆಸ್ಪತ್ರೆಯವರಿಗೆಲ್ಲ ಪಾಯಸ ಅಂತ ಸಾಕಮ್ಮ ಹಟ ಹಿಡಿದಿದ್ದರಿಂದ ಬೆಲ್ಲ ಎರಡರಷ್ಟಾಗಿತ್ತು. ಕೇಳಿಯೇ ಕೇಳುತ್ತಾಳೆ ಅಂತ ಉತ್ತರ ಸಿದ್ಧಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಹಾಕಿದರು. ಕನ್ನಡಕ ತೆಗೆದು ಕೆಳಗಿಡುವಷ್ಟರಲ್ಲಿ ಸಂದೇಶ ಬಂತು: ನಿಮ್ಮ ಪಾವತಿಯನ್ನು ಭಾನುಪ್ರಿಯಾ ಅನುಮೋದಿಸಿದ್ದಾರೆ.

ಸಿದ್ಧಮಾಡಿಕೊಂಡ ಉತ್ತರ ಬಾಯಲ್ಲೇ ಉಳಿಯಿತು.

ಎಣ್ಣೆಗೆ ಹಾಕಿದರು, ಅನುಮೋದನೆ. ಆಟೋ ಟೈರಿಗೆ ಹಾಕಿದರು, ಅನುಮೋದನೆ. ಸಂಜೆ ಕಾರ್ಖಾನೆ ಬಸ್ಸಿನಲ್ಲಿ ನಿಂತೇ ಬರುವವಳು ಅವಳು. ಮನೆಯಲ್ಲಿ ತಾಯಿ, ಅಡುಗೆ, ನೂರೆಂಟು ಕೆಲಸ. ಫೋನು ಟಿಣ್ ಅಂದ ಕೂಡಲೇ ಒಂದು ಬೆರಳು ಒತ್ತಿ ಮುಗಿಸುವುದು ಸುಲಭ. ಕರಿಬಸವಯ್ಯನವರಿಗೆ ಇದೆಲ್ಲ ಅರ್ಥವಾಗುತ್ತಿತ್ತು. ಅರ್ಥವಾದರೆ ಒಂಟಿತನ ಕಡಿಮೆಯಾಗುತ್ತದೆಯೇ?

ಒಂದು ಸಂಜೆ ಅವರು ಮಾಡಬಾರದ್ದು ಮಾಡಿದರು. ಹಿಂದೆ ಯಾವತ್ತೋ ಆಟೋ ಬಾಡಿಗೆ ಕೈಯಿಂದ ಕೊಟ್ಟು ಟ್ರಸ್ಟಿನಿಂದ ವಾಪಸು ಪಡೆದಿದ್ದರಿಂದ ಅವರ ಸ್ವಂತ ಖಾತೆಯೂ ಫೋನಿನಲ್ಲಿ ದುಡ್ಡು ಪಡೆಯುವವರ ಪಟ್ಟಿಯಲ್ಲಿತ್ತು. ಮಹೇಂದ್ರ, ಗ್ಯಾಸು, ಸಾಕಮ್ಮ, ಎಲ್ಲ ದಾಟಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ಐದು ಸಾವಿರ ಅಂತ ಹಾಕಿದರು. ಯಾವ ಬಾಬ್ತು ಎಂಬ ಕಡೆ ಏನೂ ಬರೆಯಲಿಲ್ಲ, ಖಾಲಿ ಬಿಟ್ಟರು. ದೇವರಾಣೆಗೂ ಅವರಿಗೆ ಆ ದುಡ್ಡು ಬೇಕಿರಲಿಲ್ಲ. ಈಗಲಾದರೂ ಕೇಳಲಿ ಅಂತ. ಇದನ್ನು ಕೇಳದೆ ಹೇಗೆ ಬಿಡುತ್ತಾಳೆ ಅಂತ. ಕಳುಹಿಸಿ ಎಂಬುದನ್ನು ಒತ್ತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತರು.

ಅನುಮೋದಿಸಿದ್ದಾರೆ ಎಂದು ಬಂತು. ಅದರ ಬೆನ್ನಿಗೇ ಇನ್ನೊಂದು ಟಿಣ್: ನಿಮ್ಮ ಖಾತೆಗೆ ಹಣ ಜಮೆಯಾಗಿದೆ.

ಮೆಟ್ಟಿಲ ಕೆಳಗಿನವರ ಅನ್ನದ ದುಡ್ಡು ತಮ್ಮ ಜೇಬಿಗೆ ಬಂದು ಕೂತಿತ್ತು. ಇಡೀ ಜಗತ್ತಿನಲ್ಲಿ ಒಬ್ಬರೂ ಯಾತಕ್ಕೆ ಅಂತ ಕೇಳಿರಲಿಲ್ಲ. ಕರಿಬಸವಯ್ಯನವರಿಗೆ ಹೆದರಿಕೆಯಾಯಿತು. ಹೆಂಡತಿ ಸತ್ತ ದಿನವೂ ಅವರು ಅಷ್ಟು ಹೆದರಿರಲಿಲ್ಲ. ಭಾನುಪ್ರಿಯಾಗೆ ಫೋನು ಮಾಡಿದರು. ಆ ಕಡೆ ಬಸ್ಸಿನ ಸದ್ದು, ಯಾರೋ ಟಿಕೆಟ್ ಟಿಕೆಟ್ ಅನ್ನುತ್ತಿದ್ದರು.

“ಸಾರ್, ಹೇಳಿ. ಊಟ ಆಯ್ತಾ?”

“ಈಗೊಂದು ಹಾಕಿದ್ನಲ್ಲಮ್ಮ, ನೋಡಿದ್ಯಾ?”

“ಆಗ್ಲೇ ಒಪ್ಪಿಗೆ ಕೊಟ್ಬುಟ್ಟೆ ಸಾರ್. ಹೋಗಿಲ್ವಾ?”

“ಹೋಯ್ತು. ಯಾರಿಗೆ ಅಂತ ನೋಡಿದ್ಯಾ?”

ಅವಳು ತೆಗೆದು ನೋಡುತ್ತಿದ್ದಳೆಂದು ಕಾಣುತ್ತದೆ.

“ನಿಮಗೇ ಹೋಗ್ಯದೆ ಸಾರ್.”

“ನನಗೇ ಕಣಮ್ಮ. ನೀನು ಕೇಳಲೇ ಇಲ್ವಲ್ಲ.”

“ನಿಮ್ಮನ್ನ ಏನಂತ ಕೇಳ್ಲಿ ಸಾರ್? ನಿಮ್ಮ ಮೇಲೆ ನಂಬಿಕೆ ಇಲ್ವಾ ನನಗೆ?”

“ನಮ್ಮ ಲೀಲಂಗೂ ಇತ್ತಮ್ಮ ನಂಬಿಕೆ. ಆದ್ರೂ ಕೇಳ್ತಿದ್ಲು.”

ಬಸ್ಸು ಎಲ್ಲೋ ನಿಂತಿತು, ಜನ ಇಳಿದರು. ಮತ್ತೆ ಹೊರಟಿತು. ಆಮೇಲೆ ಅವಳು ಮೆಲ್ಲಗೆ, ತಪ್ಪು ಮಾಡಿದ ದನಿಯಲ್ಲಿ ಕೇಳಿದಳು.

“ಯಾತಕ್ಕೆ ಸಾರ್ ಅದು?”

ಕೇಳಬೇಕಾದ ಮಾತು ಕೊನೆಗೂ ಬಂತು. ಅಭ್ಯಾಸದಂತೆ ಕರಿಬಸವಯ್ಯನವರ ಮುಖ ಅಡುಗೆಮನೆಯ ಕಡೆ ತಿರುಗಿತು, ಕೂಗಿ ಉತ್ತರ ಹೇಳಲು. ಅಲ್ಲಿ ಕಟ್ಟೆ ಇತ್ತು, ಸಾಸಿವೆ ಡಬ್ಬಿ ಇತ್ತು. ಪ್ರಶ್ನೆ ಬಂದದ್ದು ಆ ಕಡೆಯಿಂದಲ್ಲ. ತಾನು ಕಾಯುತ್ತಿದ್ದದ್ದು ಬರೀ ಈ ಪ್ರಶ್ನೆಗಲ್ಲ ಅಂತ ಅವರಿಗೆ ಆಗ ತಿಳಿಯಿತು. ಇದನ್ನು ಇನ್ನು ಯಾರು ಬೇಕಾದರೂ ಕೇಳಬಹುದು, ಅವಳೊಬ್ಬಳನ್ನು ಬಿಟ್ಟು.

“ಸಾರ್? ಇದ್ದೀರಾ?”

“ಇದೀನಿ ಕಣಮ್ಮ. ಬೇಕೂ ಅಂತ್ಲೇ ಹಾಕ್ದೆ. ತಪ್ಪು ನಂದೇ. ಈಗ್ಲೇ ವಾಪಸ್ ಹಾಕ್ತೀನಿ, ಸಭೇಲೂ ಹೇಳ್ತೀನಿ. ನೀನು ಮಾತ್ರ ಇನ್ಮೇಲೆ ಪ್ರತಿಯೊಂದಕ್ಕೂ ಕೇಳು. ನಾನು ಬೈದ್ರೂ ಕೇಳು.”

“ಕೇಳ್ತೀನಿ ಸಾರ್” ಅಂದಳು.

ಫೋನಿಟ್ಟ ಮೇಲೆ ಅವರು ದೀಪ ಹಾಕಿಕೊಂಡು, ಕನ್ನಡಕ ಏರಿಸಿ, ತಮ್ಮ ಖಾತೆಯಿಂದ ಟ್ರಸ್ಟಿನ ಖಾತೆಗೆ ಐದು ಸಾವಿರ ವಾಪಸು ಹಾಕಿದರು. ಒತ್ತಿದ ತಕ್ಷಣ ಹೋಯಿತು. ಸ್ವಂತ ಖಾತೆ, ಅದಕ್ಕೆ ಎರಡನೆಯವರ ಒಪ್ಪಿಗೆ ಬೇಕಿರಲಿಲ್ಲ.